ಒಂದು ತೊಟ್ಟು ನೀರೂ ಕೇಳದೆ

ಕಿಟಕಿಯ ಕಟ್ಟೆಯ ಮೇಲೆ ಮಕ್ಕಳು ಸಾಲಾಗಿ ಇಟ್ಟಿದ್ದ ನೀರಿನ ಬಾಟಲಿಗಳಲ್ಲಿ ಒಂದು ಮಾತ್ರ ಕತ್ತಿನ ತನಕ ತುಂಬಿತ್ತು. ನೋಡಬಾರದು ಅಂದುಕೊಂಡೇ ಟೀಚರ್ ಅದನ್ನು ನೋಡಿದಳು. ಉಳಿದವು ಅರ್ಧ, ಕಾಲು, ಕೆಲವು ಪೂರ್ತಿ ಖಾಲಿ. ಬೆಳಗಿನಿಂದ ಸೆಕೆಯೂ ಹಾಗೇ ಇತ್ತು. ಚರ್ಚಿನ ಪಕ್ಕದ ಈ ಹಾಲಿನ ಫ್ಯಾನು ಗಾಳಿಗಿಂತ ಹೆಚ್ಚಾಗಿ ಸದ್ದನ್ನೇ ಬೀಸುತ್ತಿತ್ತು. ತುಂಬಿದ ಬಾಟಲಿ ನೀಲಿಯದು, ಮುಚ್ಚಳದ ಮೇಲಿನ ಮೀನಿನ ಚಿತ್ರ ಅರ್ಧ ಸವೆದಿತ್ತು. ವಾರದ ದಿನಗಳಲ್ಲಿ ತಾನು ಕೆಲಸ ಮಾಡುವ ಕನ್ನಡಕದ ಅಂಗಡಿಯಿಂದ ಬರುವಾಗ ಒಂದು ಸಂಜೆ ಅವಳೇ ಅದನ್ನು ತಂದು ತಂಗಿಯ ಮಗಳಿಗೆ ಕೊಟ್ಟಿದ್ದಳು. ಆಗ ಗುಬ್ಬಿ ಅದನ್ನು ತಬ್ಬಿಕೊಂಡೇ ಮಲಗಿದ್ದಳಂತೆ. ಮನೆಯಲ್ಲಿ ಎಲ್ಲರೂ ಹುಡುಗಿಯನ್ನು ಗುಬ್ಬಿ ಅಂತಲೇ ಕರೆಯುವುದು. ಇಲ್ಲಿ, ಈ ಹಾಲಿನಲ್ಲಿ, ಅವಳು ಉಳಿದ ಮಕ್ಕಳ ಹಾಗೆ ಒಬ್ಬಳು, ದೊಡ್ಡಮ್ಮ ಅನ್ನುವ ಹಾಗಿಲ್ಲ, ಟೀಚರ್ ಅನ್ನಬೇಕು, ನೀವು ಅನ್ನಬೇಕು. ಈ ನಿಯಮವನ್ನು ಮಾಡಿದವಳೂ ಟೀಚರೇ. ನಿಯಮ ಮಾಡುವುದರಲ್ಲಿ ಅವಳನ್ನು ಮೀರಿಸಿದವರು ಈ ಚರ್ಚಿನಲ್ಲಿ ಯಾರೂ ಇರಲಿಲ್ಲ.

ಇವತ್ತು ಮಕ್ಕಳ ಮೊದಲ ಪಾಪನಿವೇದನೆ, ನಾಳೆ ಬೆಳಗಿನ ಬಲಿಪೂಜೆಯಲ್ಲಿ ಮೊದಲ ಪರಮಪ್ರಸಾದ. ಗುರುಗಳು ಆಗಲೇ ಚರ್ಚಿನೊಳಗೆ ಹೋಗಿ ಪಾಪನಿವೇದನೆಯ ಗೂಡಿನಲ್ಲಿ ಕೂತಿದ್ದರು. ಮಕ್ಕಳನ್ನು ಬೆಂಚಿನ ಲೆಕ್ಕದಲ್ಲಿ ಒಳಗೆ ಕರೆದುಕೊಂಡು ಹೋಗಬೇಕು. "ಕೈ ಕಟ್ಟಿ. ಹಾಗಲ್ಲ, ಬೆರಳಿಗೆ ಬೆರಳು ಸೇರಿಸಿ. ಮಾತು ಯಾಕೆ? ದೇವರ ಹತ್ರ ಹೋಗ್ತಿದೀರೋ ಸಂತೆಗೆ ಹೋಗ್ತಿದೀರೋ?" ಎಂದು ಅವಳ ಬಾಯಿ ತನ್ನಷ್ಟಕ್ಕೆ ತಾನೇ ಆಡುತ್ತಿತ್ತು. ಇಷ್ಟು ವರ್ಷ ಹೇಳಿದ್ದನ್ನೇ ಹೇಳಿ ಮಾತುಗಳಿಗೆ ಅವಳ ಅಪ್ಪಣೆ ಬೇಕಾಗುತ್ತಿರಲಿಲ್ಲ. ಒಳಗೆ ಬೇರೆಯೇ ಒಂದು ಮಾತು ಕುದಿಯುತ್ತಿತ್ತು: ಇವತ್ತು ಗುಬ್ಬಿ ಹೇಳಿಬಿಡುತ್ತಾಳೆ. ಗೂಡಿನೊಳಗೆ ಮಂಡಿಯೂರಿ, ಆ ತೆಳ್ಳಗಿನ ದನಿಯಲ್ಲಿ, ಒಂದೂ ಬಿಡದೆ ಹೇಳಿಬಿಡುತ್ತಾಳೆ.

ಗುಬ್ಬಿ ಎರಡನೆಯ ಬೆಂಚಿನ ತುದಿಯಲ್ಲಿ ಕೂತಿದ್ದಳು. ತುಟಿ ಒಣಗಿ ಸಿಪ್ಪೆ ಎದ್ದಿತ್ತು. ಅದನ್ನು ಹಲ್ಲಿನಿಂದ ಕಿತ್ತು, ಕಿತ್ತ ಜಾಗವನ್ನು ನಾಲಿಗೆಯಿಂದ ಮುಟ್ಟಿ ನೋಡುತ್ತಿದ್ದಳು. ನಿನ್ನೆ ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಿಂದ ಮನೆಗೆ ಬಂದ ತಂಗಿ, ಬ್ಯಾಗು ಇನ್ನೂ ಹೆಗಲಲ್ಲಿರುವಾಗಲೇ, ಮೆಟ್ಟಿಲ ಮೇಲೆ ನಿಂತು ಹೇಳಿದ್ದಳು. "ಅಕ್ಕ, ಇವಳಿಗೆ ನೀನಾದ್ರೂ ಒಂದು ಮಾತು ಹೇಳು. ಸ್ಕೂಲಿಗೆ ಕಳಿಸಿದ ನೀರು ಹಾಗೇ ವಾಪಸ್ ಬರುತ್ತೆ. ಗದರಿಸಿದ್ರೆ ಚಮಚ ತಗೊಂಡು ಒಂದೊಂದೇ ಚಮಚ ಕುಡೀತಾಳೆ. ಥೇಟ್ ಅಮ್ಮನ ಹಾಗೆ. ಉಚ್ಚೆ ಉರಿ ಅಂತ ಬೇರೆ ಅಳ್ತಾಳೆ. ಡಾಕ್ಟರು ನನಗೇ ಬೈದ್ರು, ಮಗೂಗೆ ನೀರು ಕೊಡೋಕಾಗಲ್ವೇನಮ್ಮ ನಿಂಗೆ ಅಂತ." ಟೀಚರ್ ಆಗ ನಾಳೆಯ ಬಿಳಿ ಫ್ರಾಕಿನ ಅಂಚು ಹೊಲಿಯುತ್ತಿದ್ದಳು. ಸೂಜಿಯಿಂದ ಕಣ್ಣು ಎತ್ತದೆ, "ಅಜ್ಜಿ ನೆನಪು ಇರಬೇಕು, ಬಿಡು. ಹೋಗ್ತಾ ಹೋಗ್ತಾ ಸರಿಹೋಗುತ್ತೆ" ಅಂದಳು. ತಂಗಿ ನಂಬಿದಳು. ಅಕ್ಕನ ಮಾತನ್ನು ನಂಬುವುದು ಅವಳಿಗೆ ಚಿಕ್ಕಂದಿನಿಂದ ಬಂದ ಅಭ್ಯಾಸ.

ಅಭ್ಯಾಸ. ಕೆಲವು ವಾರಗಳ ಹಿಂದೆ ಇದೇ ಹಾಲಿನಲ್ಲಿ ಅವಳು ಮಾಡಿಸಿದ್ದೂ ಅದನ್ನೇ, ಬರೀ ಅಭ್ಯಾಸ. ಪ್ರತಿ ವರ್ಷ ಮಾಡಿಸುತ್ತಿದ್ದಳು. ಮಕ್ಕಳು ಗೂಡಿನೊಳಗೆ ಹೋಗಿ ಮಾತು ಮರೆತು ಅತ್ತುಬಿಡುತ್ತಾರೆ, ಒಬ್ಬ ಹುಡುಗ ಒಮ್ಮೆ ಗುರುಗಳ ಮುಂದೆ ಮಗ್ಗಿ ಒಪ್ಪಿಸಿ ಬಂದಿದ್ದ. ಹಾಗಾಗಬಾರದು ಅಂತ ಈ ಉಪಾಯ. ಹಾಲಿನ ಮೂಲೆಯಲ್ಲಿ ಕುರ್ಚಿ ಹಾಕಿ ಗುರುಗಳ ಜಾಗದಲ್ಲಿ ಅವಳೇ ಪಕ್ಕಕ್ಕೆ ತಿರುಗಿ ಕೂರುವುದು, ನಡುವೆ ಒಂದು ಕುರ್ಚಿಯ ಬೆನ್ನಿಗೆ ಟವೆಲು ಇಳಿಬಿಡುವುದು, ಕೆಳಗೆ ಕಾಲೊರಸು. ಮಕ್ಕಳು ಒಬ್ಬೊಬ್ಬರಾಗಿ ಬಂದು ಮಂಡಿಯೂರಿ, 'ಗುರುಗಳೇ, ನನ್ನನ್ನು ಆಶೀರ್ವದಿಸಿರಿ, ನಾನು ಪಾಪ ಮಾಡಿದ್ದೇನೆ, ಇದು ನನ್ನ ಮೊದಲ ಪಾಪನಿವೇದನೆ' ಎಂದು ಶುರುಮಾಡಬೇಕು. "ನಿಜವಾದ ಪಾಪ ನನಗೆ ಹೇಳ್ಬೇಡಿ. ಅದು ಗುರುಗಳಿಗೆ ಮಾತ್ರ. ನನ್ನ ಹತ್ರ ಸುಮ್ನೆ ಯಾವುದಾದ್ರೂ ಕಟ್ಟಿ ಹೇಳಿ" ಎಂದು ಹೇಳಿದ್ದಳು. ಮಕ್ಕಳಿಗೆ ಹಬ್ಬವಾಯಿತು. ಒಬ್ಬ ಬ್ಯಾಂಕು ದರೋಡೆ ಮಾಡಿದ್ದ. ಒಬ್ಬಳು ತಮ್ಮನನ್ನು ಮಾರಿಬಿಟ್ಟಿದ್ದಳು, ಯಾರೂ ಕೊಳ್ಳಲಿಲ್ಲವಂತೆ, ವಾಪಸ್ ತಂದಳಂತೆ. ಟವೆಲಿನ ಹಿಂದೆ ಟೀಚರಿಗೆ ನಗು ತಡೆಯಲಾಗಲಿಲ್ಲ. ದರೋಡೆಕೋರನಿಗೆ ಬೆಂಚು ಒರೆಸುವ ಪ್ರಾಯಶ್ಚಿತ್ತ ಕೊಟ್ಟಳು. ಅವಳು ಮನಸಾರೆ ನಕ್ಕಿದ್ದು ಅಮ್ಮ ಹೋದಮೇಲೆ ಅದೇ ಮೊದಲು, ಮತ್ತು ಆ ನಗು ಇನ್ನೂ ಮುಖದ ಮೇಲಿರುವಾಗಲೇ ಗುಬ್ಬಿ ಬಂದು ಕಾಲೊರಸಿನ ಮೇಲೆ ಮಂಡಿಯೂರಿದಳು.

"ಗುರುಗಳೇ, ನಾನು ಸುಳ್ಳು ಹೇಳಿದೆ. ಅಜ್ಜಿ ನೀರು ಕೇಳಿದ್ಲು. ದೊಡ್ಡಮ್ಮ ತರ್ತಿದಾಳೆ ಅಂದೆ. ದೊಡ್ಡಮ್ಮ ಚರ್ಚಿಗೆ ಹೋಗಿದ್ಲು. ಅಜ್ಜಿ ಮತ್ತೆ ಕೇಳಿದ್ಲು. ಬಂದ್ಲು, ಮೆಟ್ಟಿಲ ಹತ್ರ ಇದಾಳೆ ಅಂದೆ. ತುಂಬಾ ಸಲ ಅಂದೆ. ಆಮೇಲೆ ಅಜ್ಜಿ ನೀರು ಅನ್ನೋದು ಬಿಟ್ಟು 'ಬಂದ್ಲಾ' ಅಂತ ಮಾತ್ರ ಕೇಳ್ತಿದ್ಲು. ಆಮೇಲೆ ಅದನ್ನೂ ಕೇಳ್ಲಿಲ್ಲ."

ತನ್ನ ಮುಂದೆಯೇ ಮಂಡಿಯೂರಿ, ತಾನು ಬೇರೆ ಯಾರೋ ಎಂಬಂತೆ 'ದೊಡ್ಡಮ್ಮ' ಅನ್ನುತ್ತಿದ್ದ ಆ ದನಿ. ಟವೆಲಿನ ಆಚೆ ಹುಡುಗಿ ಕಾಯುತ್ತಿದ್ದಳು, ಹೇಳಿಕೊಟ್ಟ ಹಾಗೆ ತಲೆ ತಗ್ಗಿಸಿ, ಬೆರಳಿಗೆ ಬೆರಳು ಸೇರಿಸಿ. ಒಂದು ಮಾತು ಸಾಕಿತ್ತು. 'ಹಾಗೆ ಹೇಳು ಅಂದವಳು ನಾನು, ತಪ್ಪು ನಿನ್ನದಲ್ಲ ಪುಟ್ಟಿ' ಅಂದಿದ್ದರೆ ಮುಗಿಯುತ್ತಿತ್ತು. ಎದ್ದು ತಬ್ಬಿಕೊಂಡಿದ್ದರೂ ಸಾಕಿತ್ತು. ಹಿಂದೆ ಸಾಲಿನಲ್ಲಿ ಮಕ್ಕಳು ನೂಕಾಡುತ್ತಿದ್ದರು. ಟೀಚರ್, "ಆಯ್ತು. ಮುಂದಿನವರು ಬನ್ನಿ" ಅಂದಳು. ಎಲ್ಲರಿಗೂ ಕೊಟ್ಟ ಹಾಗೆ ಒಂದು ಪ್ರಾಯಶ್ಚಿತ್ತವನ್ನೂ ಕೊಡಲಿಲ್ಲ. ಗುಬ್ಬಿ ಎದ್ದು ಹೋದಳು. ನೀಲಿ ಬಾಟಲಿ ತುಂಬಿದ್ದು ತುಂಬಿದ ಹಾಗೇ ಉಳಿಯತೊಡಗಿದ್ದು ಆವತ್ತಿನಿಂದ.

ಮೊದಲ ಬೆಂಚಿನ ಮಕ್ಕಳನ್ನು ಎಬ್ಬಿಸಿ ಚರ್ಚಿನೊಳಗೆ ಕರೆದುಕೊಂಡು ಹೋದಳು. ಒಳಗೆ ತಂಪಿತ್ತು, ಮೇಣದ ವಾಸನೆ, ನಾಳೆಗೆ ಅಂತ ಕಂಬಗಳಿಗೆ ಸುತ್ತಿದ ಬಿಳಿ ಬಟ್ಟೆ. ಆ ಬಟ್ಟೆಯನ್ನು ಕಂಡರೇ ಅವಳಿಗೆ ಮೈ ಉರಿಯುತ್ತಿತ್ತು. ಬಿಷಪ್ಪರು ದೊಡ್ಡ ಮಕ್ಕಳ ದೃಢೀಕರಣದ ಸಂಸ್ಕಾರಕ್ಕೆ ಬಂದ ದಿನವೂ ಇದೇ ಬಟ್ಟೆಯನ್ನೇ ಸುತ್ತಿದ್ದರು. ಪೂಜೆಯಾದ ಮೇಲೆ ಜ್ಞಾನೋಪದೇಶದ ಟೀಚರುಗಳನ್ನೆಲ್ಲ ಬಿಷಪ್ಪರಿಗೆ ಪರಿಚಯ ಮಾಡಿಸುತ್ತೇವೆ ಅಂದಿದ್ದರು. ಇಷ್ಟು ವರ್ಷದ ಚಾಕರಿಗೆ ಒಂದು ದಿನ, ಒಬ್ಬರು ದೊಡ್ಡವರು, ತನ್ನ ಮುಖ ನೋಡಿ 'ಒಳ್ಳೆ ಕೆಲಸ ಅಮ್ಮ' ಅಂದರೆ ಸಾಕು ಎಂಬ ಆಸೆ. ಅದು ಪಾಪವೇನಲ್ಲ. ಅವಳು ಎಷ್ಟೋ ಸಲ ತನಗೆ ತಾನೇ ವಾದಿಸಿದ್ದಳು, ಅದು ಪಾಪವಲ್ಲ. ತಂಗಿಗೆ ಡ್ಯೂಟಿ ಇತ್ತು, ಅಮ್ಮನ ಬಳಿ ಇರುವ ಸರದಿ ಟೀಚರದು. ಲಕ್ವ ಹೊಡೆದ ಮೇಲೆ ಅಮ್ಮನಿಗೆ ನೀರನ್ನು ಹಾಗೇ ಕುಡಿಸುವಂತಿರಲಿಲ್ಲ; ಬೆನ್ನಿಗೆ ದಿಂಬು ಕೊಟ್ಟು, ಗಲ್ಲ ತಗ್ಗಿಸಿ, ಚಮಚ ಚಮಚವಾಗಿ ಕೊಡಬೇಕು, ಇಲ್ಲದಿದ್ದರೆ ಶ್ವಾಸಕ್ಕೆ ಇಳಿಯುತ್ತದೆ. ಹೊರಡುವಾಗ ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತಾ ಹೇಳಿದ್ದಳು, "ಗುಬ್ಬಿ, ಅಜ್ಜಿಗೆ ನೀನು ನೀರು ಕೊಡ್ಬೇಡ, ಕೊರಳಿಗೆ ಸಿಕ್ಕಿದ್ರೆ ಕಷ್ಟ. ಅವಳು ದಿನವಿಡೀ ಕೇಳ್ತಾನೇ ಇರ್ತಾಳೆ, ಅದೊಂದು ಚಾಳಿ. ಕೇಳಿದ್ರೆ ದೊಡ್ಡಮ್ಮ ತರ್ತಿದಾಳೆ ಅನ್ನು. ಇಗೋ ಹೋದೆ, ಇಗೋ ಬಂದೆ."

ಇಗೋ ಬಂದೆ. ಪೂಜೆ ಎಳೆಯಿತು. ಆಮೇಲೆ ಸಾಲು. ಬಿಷಪ್ಪರು ಒಬ್ಬೊಬ್ಬರ ಮುಂದೆಯೂ ನಿಂತು ಮುತ್ತಿಡಲೆಂದು ಉಂಗುರದ ಕೈ ಚಾಚುತ್ತಾ ಬಂದರು. ಅವಳ ಮುಂದೆ ಬಂದಾಗ ಯಾರೋ ಪಕ್ಕದಿಂದ ಅವರಿಗೆ ಏನೋ ಹೇಳಿದರು. ಅವರು ಅವಳತ್ತ ತಿರುಗಿ, ನಗುತ್ತಲೇ, "ಅಮ್ಮ, ಇನ್ನೊಂದು ಕುರ್ಚಿ ಬೇಕಾಗುತ್ತಂತೆ, ತರಿಸಿ" ಅಂದರು. ಅವಳು ತರಿಸಲಿಲ್ಲ, ಓಡಿಹೋಗಿ ತಾನೇ ಹೊತ್ತು ತಂದಳು. ಬರುವಷ್ಟರಲ್ಲಿ ಸಾಲು ಮುಗಿದಿತ್ತು. ಆಗಲೇ ಮನೆಗೆ ಹೋಗಬಹುದಿತ್ತು. ಹೋಗಲಿಲ್ಲ. ಫೋಟೋ ಇದೆ ಅಂದರು. ಕುರ್ಚಿ ಹೊತ್ತ ಅವಮಾನ ಫೋಟೋದಲ್ಲಾದರೂ ತೊಳೆದುಹೋಗಲಿ ಎಂದು ನಿಂತಳು. ಊಟಕ್ಕೂ ನಿಂತಳು. ಈಗ ಆ ಫೋಟೋ ಕಚೇರಿಯ ಗೋಡೆಯ ಮೇಲಿದೆ, ಅದರ ಅಂಚಿನಲ್ಲಿ ಅವಳ ಅರ್ಧ ಭುಜವೂ ಸೀರೆಯ ಒಂದು ತುಂಡೂ ಇದೆ, ಮುಖವಿಲ್ಲ. ಮನೆಗೆ ಬಂದಾಗ ಅಮ್ಮ ಬಾಗಿಲ ಕಡೆ ಮುಖಮಾಡಿ ಪ್ರಾಣ ಬಿಟ್ಟಿದ್ದಳು. ಗುಬ್ಬಿ ಮಂಚದ ಪಕ್ಕ ನೆಲದ ಮೇಲೆ ಕೂತು, "ಅಜ್ಜಿ, ಈಗ ಬಂದ್ಲು" ಅಂದಳು.

ನೋಡಲು ಬಂದವರಿಗೆಲ್ಲ ಟೀಚರ್ ಹೇಳಿದ್ದು ಒಂದೇ ಮಾತು: ನಿದ್ದೆಯಲ್ಲೇ ಹೋದಳು. ಅವರು ನಿಟ್ಟುಸಿರು ಬಿಟ್ಟು, "ಪುಣ್ಯವಂತೆ ಕಣಮ್ಮ. ಯಾರಿಗೂ ತೊಂದರೆ ಕೊಡ್ಲಿಲ್ಲ. ಒಂದು ತೊಟ್ಟು ನೀರೂ ಕೇಳದೆ ಹೋದಳು" ಅಂದರು. ಅದು ಜನ ಸಾವಿನ ಮನೆಯಲ್ಲಿ ಆಡುವ ಮಾತು, ಅದಕ್ಕೆ ಅರ್ಥ ಹುಡುಕುವವರು ಯಾರೂ ಇಲ್ಲ. ಮೂರನೆಯವರೋ ನಾಲ್ಕನೆಯವರೋ ಬರುವ ಹೊತ್ತಿಗೆ ಅವಳೇ ಆ ಮಾತನ್ನು ಆಡತೊಡಗಿದ್ದಳು. "ಹೌದು, ಒಂದು ತೊಟ್ಟು ನೀರೂ ಕೇಳ್ಲಿಲ್ಲ." ಗುಬ್ಬಿ ಅಡುಗೆಮನೆಯ ಬಾಗಿಲಿನಲ್ಲಿ ನಿಂತು ಕೇಳಿಸಿಕೊಂಡಿದ್ದಳು. ಮಕ್ಕಳ ಮುಂದೆ ಸುಳ್ಳು ಹೇಳಬಾರದು ಎಂದು ಪೋಷಕರ ಸಭೆಯಲ್ಲಿ ವರ್ಷವರ್ಷವೂ ಭಾಷಣ ಮಾಡುವವಳೂ ಟೀಚರೇ. ಹೇಳೋದು ಶಾಸ್ತ್ರ, ಹಾಕೋದು ಗಾಳ.

ಎರಡನೆಯ ಬೆಂಚಿನ ಸರದಿ ಬಂತು. ಗುಬ್ಬಿ ಎದ್ದು ಗೂಡಿನತ್ತ ನಡೆದಳು. ಹಿಂದಿನಿಂದ ಜಡೆ, ಸಣ್ಣ ಹೆಗಲು, ಕಾಲಿಗೆ ದೊಡ್ಡದಾದ ಹೊಸ ಚಪ್ಪಲಿ. ಮರದ ಬಾಗಿಲು ಮುಚ್ಚಿತು. ಟೀಚರ್ ಬೆಂಚಿನ ಅಂಚನ್ನು ಹಿಡಿದುಕೊಂಡಳು. ಅಂಗಡಿಯಲ್ಲಿ ಗಿರಾಕಿಗಳ ಕಣ್ಣಿಗೆ ಗಾಜು ಬದಲಾಯಿಸುತ್ತಾ 'ಇದು ಸ್ಪಷ್ಟವೋ, ಇದು ಸ್ಪಷ್ಟವೋ' ಎಂದು ದಿನವಿಡೀ ಕೇಳುವವಳಿಗೆ ತನ್ನ ಮನಸ್ಸೇನೆಂಬುದು ಯಾವ ಗಾಜಿನಲ್ಲೂ ಕಾಣದ ಹಾಗಾಗಿತ್ತು. ಹುಡುಗಿ ಎಲ್ಲ ಹೇಳಿ ಹಗುರಾಗಲಿ ಅನ್ನಿಸುತ್ತಿತ್ತು. ಹೇಳದೇ ಇರಲಿ ಅಂತಲೂ ಅನ್ನಿಸುತ್ತಿತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಗುರುಗಳು ಯಾರಿಗೂ ಹೇಳುವುದಿಲ್ಲ, ಹೇಳುವಂತೆಯೇ ಇಲ್ಲ, ಅದನ್ನು ಮಕ್ಕಳಿಗೆ ಕಲಿಸಿದವಳೇ ಅವಳು. ಆದರೆ ಮುಂದಿನ ಭಾನುವಾರ ಅವರು 'ಏನು ಟೀಚರ್' ಎಂದು ನಗುವಾಗ ಆ ನಗುವಿನ ಹಿಂದೆ ಒಂದು ತಿಳಿವಳಿಕೆ ಇರುತ್ತದೆ.

ಬಾಗಿಲು ಬೇಗ ತೆರೆಯಿತು. ಬೇರೆ ಯಾವ ಮಗುವಿಗೂ ಇಷ್ಟು ಬೇಗ ಮುಗಿದಿರಲಿಲ್ಲ. ಹೇಳಲಿಲ್ಲ! ಅವಳ ಎದೆ ಹಗುರಾಯಿತು, ಮತ್ತು ಹಗುರಾದದ್ದು ತಿಳಿದ ಕೂಡಲೇ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಗುಬ್ಬಿ ಪೀಠದ ಮುಂದೆ ಮಂಡಿಯೂರಿ ಏನೋ ಪಿಸುಗುಟ್ಟಿ, ಎದ್ದು ಹೊರಗೆ ಹೋದಳು. ಉಳಿದ ಮಕ್ಕಳನ್ನು ಇನ್ನೊಬ್ಬ ಟೀಚರಿಗೆ ಒಪ್ಪಿಸಿ ಅವಳೂ ಹಿಂದೆಯೇ ಹೋದಳು.

ಹಾಲು ಖಾಲಿಯಿತ್ತು. ಮುಗಿಸಿದ ಮಕ್ಕಳು ಅಂಗಳದಲ್ಲಿ ಕಿರುಚುತ್ತಿದ್ದರು. ಪಾಪವೆಲ್ಲ ತೊಳೆದುಹೋದ ಸಂತೋಷಕ್ಕೆ ಆಗಲೇ ಒಬ್ಬ ಇನ್ನೊಬ್ಬನಿಗೆ ಹೊಡೆದಿದ್ದ. ಗುಬ್ಬಿ ಕಿಟಕಿಯ ಬಳಿ ಬಾಟಲಿ ನೋಡುತ್ತಾ ನಿಂತಿದ್ದಳು. ಟೀಚರ್ ಅದನ್ನು ತೆಗೆದು ಮುಚ್ಚಳ ತಿರುಗಿಸಿ ಚಾಚಿದಳು. "ಕುಡಿ."

"ಬೇಡ ಟೀಚರ್."

"ಇಲ್ಲಿ ಯಾರೂ ಇಲ್ಲ. ದೊಡ್ಡಮ್ಮ ಅನ್ನು. ಕುಡಿ ಪುಟ್ಟಿ, ತುಟಿ ನೋಡು ಹೇಗಾಗಿದೆ. ನಾಳೆ ಪ್ರಸಾದಕ್ಕೆ ಮುಂಚೆಯೂ ನೀರು ಕುಡೀಬಹುದು ಅಂತ ಹೇಳಿಕೊಟ್ಟಿದೀನಲ್ಲ."

"ನನ್ನ ಪ್ರಾಯಶ್ಚಿತ್ತ ಮುಗಿದಿಲ್ಲ."

"ಗುರುಗಳು ಕೊಟ್ಟಿದ್ದಾ?"

"ಅವರು ಒಂದು ಪ್ರಾರ್ಥನೆ ಕೊಟ್ರು, ಅದು ಆಯ್ತು. ಇದು ನಾನೇ ಹಾಕ್ಕೊಂಡಿದ್ದು. ನೀನು ಎಲ್ರಿಗೂ ಕೊಟ್ಟೆ, ನಂಗೆ ಮಾತ್ರ ಕೊಡ್ಲಿಲ್ಲ. ನಿಂಗೆ ತುಂಬಾ ಸಿಟ್ಟು ಬಂದಿತ್ತು ಅನ್ಸುತ್ತೆ."

"ಅದು ಬರೀ ಅಭ್ಯಾಸ, ಗುಬ್ಬಿ. ಅದು ಲೆಕ್ಕಕ್ಕಿಲ್ಲ. ಸುಮ್ನೆ ಕಟ್ಟಿ ಹೇಳಿ ಅಂದಿದ್ನಲ್ಲ."

"ಉಳಿದವರೆಲ್ಲ ಕಟ್ಟಿ ಹೇಳಿದ್ರು. ನಾನು ನಿಜ ಹೇಳಿದೆ." ಹುಡುಗಿ ತಪ್ಪು ತಿದ್ದುವವಳ ಹಾಗೆ ಮೆಲ್ಲಗೆ ಹೇಳಿದಳು. "ಒಂದು ಸಲ ಹೇಳಿದ ಪಾಪ ಮತ್ತೆ ಹೇಳ್ಬೇಕಾಗಿಲ್ಲ ಅಂತ ನೀನೇ ಹೇಳಿದ್ದು. ಅದಕ್ಕೆ ಗುರುಗಳಿಗೆ ಬೇರೆದೆಲ್ಲ ಹೇಳಿದೆ, ಪೆನ್ಸಿಲ್ದು, ಅಮ್ಮಂಗೆ ಎದುರು ಮಾತಾಡಿದ್ದು. ಅಜ್ಜೀದು ಹೇಳ್ಲಿಲ್ಲ. ನೀನು ನೀರು ಕೊಡ್ಬೇಡ ಅಂದಿದ್ದೂ ಹೇಳ್ಲಿಲ್ಲ. ಬೇರೆಯವರ ಪಾಪ ನಾವು ಹೇಳ್ಬಾರದಲ್ವಾ. ಅದು ನಿಂದು."

ಅಂಗಳದಲ್ಲಿ ಯಾರೋ ಚೆಂಡನ್ನು ಗೋಡೆಗೆ ಹೊಡೆಯುತ್ತಿದ್ದರು. ಟೀಚರ್ ಬಾಟಲಿಯ ಮುಚ್ಚಳ ತಿರುಗಿಸಿ ಹಾಕಿ, ಅದನ್ನು ಮತ್ತೆ ಕಟ್ಟೆಯ ಮೇಲಿಟ್ಟಳು. ಹುಡುಗಿಯ ಮುಖದಲ್ಲಿ ಸಿಟ್ಟು ಇರಲಿಲ್ಲ, ದೂರು ಇರಲಿಲ್ಲ. ಪಾಠ ಒಪ್ಪಿಸುವಾಗ ಎಲ್ಲ ಸರಿಯಾಗಿ ಬಂದಾಗ ಇರುವ ಮುಖವೇ ಇತ್ತು. ತಾನು ಕಲಿಸಿದ್ದನ್ನು ಅಕ್ಷರ ತಪ್ಪದೆ ಕಲಿತವಳು ಇಡೀ ತರಗತಿಯಲ್ಲಿ ಇವಳೊಬ್ಬಳೇ.

"ನೀನು ಇವತ್ತು ಹೇಳ್ತೀಯಲ್ಲ ದೊಡ್ಡಮ್ಮ? ಮಕ್ಕಳದ್ದು ಆದ ಮೇಲೆ ದೊಡ್ಡವರದ್ದು ಅಂದ್ರಲ್ಲ ಗುರುಗಳು. ನೀನು ನಿಂದು ಹೇಳಿದ್ರೆ ಎರಡೂ ಸೇರಿ ಮುಗಿಯುತ್ತೆ. ಅಲ್ಲೀವರೆಗೂ ನಾನು ಕಾಯ್ತೀನಿ ಅಂದ್ಕೊಂಡಿದ್ದೆ."

"ಹೇಳ್ತೀನಿ," ಅಂದಳು ಟೀಚರ್. ಆ ಕ್ಷಣಕ್ಕೆ ಅದು ನಿಜವೇ ಆಗಿತ್ತು.

ಮಕ್ಕಳ ಸರದಿ ಮುಗಿದಿತ್ತು. ದೊಡ್ಡವರು ಇಬ್ಬರು ಮೂವರು ಇದ್ದರು, ಅವರ ಹಿಂದೆ ನಿಂತಳು. ಹೇಳುವ ಮಾತನ್ನು ಮನಸ್ಸಿನಲ್ಲಿ ಜೋಡಿಸಿಕೊಂಡಳು. ಅಮ್ಮ ನೀರು ಕೇಳಿದಳು, ನಾನು ಫೋಟೋಕ್ಕೆ ನಿಂತಿದ್ದೆ. ಇಷ್ಟೇ. ಇದಕ್ಕಿಂತ ಚಿಕ್ಕ ಪಾಪನಿವೇದನೆ ಇರಲಾರದು. ಬಾಗಿಲು ಎಳೆದುಕೊಂಡು ಮಂಡಿಯೂರಿದಾಗ ಜಾಲರಿಯ ಆಚೆಯಿಂದ ಕೆಮ್ಮಿನ ಮಾತ್ರೆಯ ವಾಸನೆ ಬಂತು. ಗುರುಗಳು ದಣಿದಿದ್ದರು, ಕುರ್ಚಿ ಕಿರುಗುಟ್ಟಿತು. "ಹೇಳಮ್ಮ." ದನಿಯಲ್ಲೇ ಅವಳನ್ನು ಗುರುತಿಸಿದ್ದು ಗೊತ್ತಾಗುತ್ತಿತ್ತು. ಅವಳ ಬಾಯಿ ತೆರೆಯಿತು, ತೆರೆದದ್ದೇ ತನ್ನ ಹಳೆಯ ದಾರಿ ಹಿಡಿಯಿತು. ಮಕ್ಕಳ ಮೇಲೆ ರೇಗಿದೆ. ಪ್ರಾರ್ಥನೆಯಲ್ಲಿ ಮನಸ್ಸು ಬೇರೆಡೆ ಹೋಯಿತು. ತಂಗಿಯ ಮೇಲೆ ಅಸೂಯೆಪಟ್ಟೆ. ಇನ್ನೊಬ್ಬರ ಬಗ್ಗೆ ಆಡಿಕೊಂಡೆ. ಎಷ್ಟೋ ವರ್ಷಗಳಿಂದ ಹೇಳಿದ ಅದೇ ಪಾಪಗಳು, ಸವೆದು ನುಣುಪಾದವು, ಯಾರಿಗೂ ಚುಚ್ಚದವು.

"ಇನ್ನೇನಾದ್ರೂ ಇದೆಯಾ?"

ಕೆಲವರಿಗೆ ಜೀವಮಾನದಲ್ಲಿ ಒಂದೇ ಒಂದು ಸಲ ಸರಿಯಾದ ಪ್ರಶ್ನೆ ಸರಿಯಾದ ಹೊತ್ತಿಗೆ ಬರುತ್ತದೆ. ಇದೆ, ಅನ್ನಬೇಕೆಂದು ಅವಳು ಜಾಲರಿಗೆ ಇನ್ನಷ್ಟು ಹತ್ತಿರ ಬಗ್ಗಿದಳು. ಅವಳ ಮೌನವನ್ನು ಗುರುಗಳು ಕರುಣೆಯಿಂದ ತಪ್ಪಾಗಿ ತಿಳಿದರು. "ತಾಯಿ ನೆನಪಾಗ್ತಿರಬೇಕು, ಅಲ್ವಾ? ನಾಳೆ ಮೊಮ್ಮಗಳ ಕಮ್ಯುನಿಯನ್ನು, ಅವರಿದ್ದಿದ್ರೆ ಎಷ್ಟು ಖುಷಿಪಡ್ತಿದ್ರು. ಸಂಕಟಪಡಬೇಡಿ ಟೀಚರ್. ನೀವು ಸೇವೆ ಮಾಡಿದ್ದು ಎಲ್ರೂ ನೋಡಿದಾರೆ. ಒಂದು ತೊಟ್ಟು ನೀರೂ ಕೇಳದೆ ಹೋದ ಜೀವ. ಅಂಥಾ ಸಾವು ಎಲ್ಲರಿಗೂ ಬರುತ್ತಾ?"

"ಇಲ್ಲ, ಗುರುಗಳೇ," ಅಂದಳು.

ಯಾವ ಪ್ರಶ್ನೆಗೆ ಉತ್ತರ ಕೊಟ್ಟೆನೆಂದು ಅವಳಿಗೇ ತಿಳಿಯಲಿಲ್ಲ. ಎರಡಕ್ಕೂ ಅದೇ ಉತ್ತರವೆಂದು ಗುರುಗಳು ತಿಳಿದರು. ಕೈ ಎತ್ತಿ ಕ್ಷಮೆಯ ಮಾತುಗಳನ್ನು ಹೇಳಿದರು, ಮಾಮೂಲಿನ ಪ್ರಾಯಶ್ಚಿತ್ತ ಕೊಟ್ಟರು. ಅವಳು ಪಶ್ಚಾತ್ತಾಪದ ಪ್ರಾರ್ಥನೆಯನ್ನು ಒಂದು ಪದವೂ ತಪ್ಪದೆ ಹೇಳಿದಳು. ಮುಚ್ಚಿಟ್ಟುಕೊಂಡು ಮಾಡಿದ ನಿವೇದನೆ ನಿವೇದನೆಯಲ್ಲ, ಅದು ಇನ್ನೊಂದು ಪಾಪ. ಆ ಮನಸ್ಸಿನಲ್ಲೇ ಪ್ರಸಾದ ತೆಗೆದುಕೊಂಡರೆ ಅದಕ್ಕಿಂತ ದೊಡ್ಡದು ಮತ್ತೊಂದು. ಬೋರ್ಡಿನ ಮೇಲೆ ದೊಡ್ಡಕ್ಷರದಲ್ಲಿ ಬರೆದು ಕಲಿಸುತ್ತಿದ್ದ ಪಾಠ ಅದು. ನಾಳೆ ಬೆಳಗ್ಗೆ, ಇಲ್ಲಿಯ ವಾಡಿಕೆಯಂತೆ, ಮಗುವಿನ ಜೊತೆ ಮನೆಯವರೂ ಪೀಠದ ಮುಂದೆ ನಿಲ್ಲಬೇಕು. ಗುಬ್ಬಿಯ ಒಂದು ಪಕ್ಕ ಅವಳಮ್ಮ, ಇನ್ನೊಂದು ಪಕ್ಕ ಇವಳು. ಹಿಂದೆ ಸರಿದರೆ ತಂಗಿ ಯಾಕೆ ಅನ್ನುತ್ತಾಳೆ, ಊರೇ ಯಾಕೆ ಅನ್ನುತ್ತದೆ.

ಹಾಲಿನ ಬಾಗಿಲಲ್ಲಿ ಗುಬ್ಬಿ ನಿಂತಿದ್ದಳು, ಎರಡು ಕೈಯಲ್ಲೂ ಬಾಟಲಿಯನ್ನು ಎದೆಗೊತ್ತಿಕೊಂಡು. ಅವಳನ್ನು ಕಂಡು ನಾಲ್ಕು ಹೆಜ್ಜೆ ಓಡಿಬಂದು, ಏನೋ ನೆನಪಾದವಳಂತೆ ನಿಂತಳು.

"ಒಳಗೆ ಏನು ಹೇಳ್ದೆ ಅಂತ ಕೇಳ್ಬಾರದು, ನಂಗೆ ಗೊತ್ತು," ಅಂದಳು. "ಹೇಳಿದ್ಯಾ ಇಲ್ವಾ ಅಂತ ಮಾತ್ರ ಕೇಳ್ತೀನಿ. ಹೇಳಿದ್ಯಾ?"

ಹುಡುಗಿಯ ತುಟಿಯ ಸೀಳಿನಲ್ಲಿ ಒಂದು ಚೂರು ರಕ್ತ ಒಣಗಿತ್ತು. ಟೀಚರ್ ಅದನ್ನೇ ನೋಡಿದಳು. ಇಲ್ಲ ಅಂದರೆ ಈ ಬಾಟಲಿ ನಾಳೆಯೂ ತುಂಬಿರುತ್ತದೆ.

"ಹೇಳಿದೆ."

ಗುಬ್ಬಿ ಮುಚ್ಚಳ ತೆಗೆದಳು. ತಲೆ ಹಿಂದಕ್ಕೆ ವಾಲಿಸಿ ಗಟಗಟ ಕುಡಿದಳು, ಉಸಿರು ತೆಗೆದುಕೊಳ್ಳದೆ ಕುಡಿದಳು, ಗಲ್ಲದಿಂದ ಇಳಿದ ನೀರು ಅಂಗಿಯ ಕಾಲರನ್ನು ತೋಯಿಸಿತು. ಕೆಮ್ಮು ಬಂತು, ಕೆಮ್ಮಿ ಮತ್ತೆ ಕುಡಿದಳು. ಸಣ್ಣ ಕೊರಳು ಮೇಲೆ ಕೆಳಗೆ ಆಡುವುದನ್ನು ಟೀಚರ್ ನೋಡುತ್ತಾ ನಿಂತಳು. ಕೊನೆಗೆ ಹುಡುಗಿ ಬಾಟಲಿ ಇಳಿಸಿ, ಮುಂಗೈಯಿಂದ ಬಾಯಿ ಒರೆಸಿಕೊಂಡು ನಕ್ಕಳು. ಎಷ್ಟೋ ದಿನದ ಮೇಲೆ ನಕ್ಕಿದ್ದಳು.

"ನಿಂಗೂ ಸ್ವಲ್ಪ ಉಳಿಸಿದೀನಿ," ಎಂದು ಬಾಟಲಿ ಚಾಚಿದಳು. "ನೀನೂ ಕುಡಿ ದೊಡ್ಡಮ್ಮ. ಇಬ್ರದ್ದೂ ಮುಗೀತಲ್ಲ."

ಟೀಚರ್ ಬಾಟಲಿ ತೆಗೆದುಕೊಂಡು ಬಾಯಿಗೆ ಎತ್ತಿದಳು. ಗುಬ್ಬಿ ಅವಳ ಕೊರಳನ್ನೇ ನೋಡುತ್ತಿದ್ದಳು. ಬಾಯಿ ತುಂಬ ನೀರಿತ್ತು, ಬೆಳಗಿನಿಂದ ಬಿಸಿಲಿಗೆ ಕಾದು ಬೆಚ್ಚಗಾದ ನೀರು. ನುಂಗಲು ನೋಡಿದಳು. ಇಳಿಯಲಿಲ್ಲ.